ಧಾತುವಿಗೂ ಒಂದು ಲಿಪಿ

ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವಾಗ ಮೊಸಳೆ ಎಂಬ ಊರು ಸಿಗುತ್ತದೆ. ಅಲ್ಲಿ ಹೊಯ್ಸಳರ ಕಾಲದ ಎರಡು ಗುಡಿಗಳು ಒಂದರ ಪಕ್ಕದಲ್ಲೊಂದು ನಿಂತಿವೆ. ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. ಇಮ್ಮಡಿ ವೀರಬಲ್ಲಾಳನ ಆಳ್ವಿಕೆಯಲ್ಲಿ, ಸುಮಾರು 1200ರ ಹೊತ್ತಿಗೆ ಕಟ್ಟಿದ ಈ ಗುಡಿಗಳು ಆಕಾರದಲ್ಲಿಯೂ ಅಳತೆಯಲ್ಲಿಯೂ ಒಂದನ್ನೊಂದು ಹೋಲುವ ಅವಳಿಗಳು. ಇವುಗಳಲ್ಲಿ ಒಂದು ಬಿದ್ದುಹೋಗಿ ಒಂದೇ ಉಳಿದಿದ್ದರೆ, ನೋಡಲು ಬಂದವರು ಉಳಿದುದನ್ನು ಮೆಚ್ಚಿಕೊಂಡು ಹೋಗುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಇದ್ದಿತೆಂಬ ಅರಿವೇ ಅವರಿಗೆ ಆಗುತ್ತಿರಲಿಲ್ಲ. ನಮ್ಮ ಹಾಡುಗಳ ವಿಷಯದಲ್ಲಿ ನಡೆದಿರುವುದು ಇಂಥದೇ ಸಂಗತಿ.

ಹಾಡಿಗೆ ಎರಡು ಅಂಗಗಳೆಂದು ನಮ್ಮ ಸಂಗೀತಶಾಸ್ತ್ರ ಹೇಳುತ್ತದೆ. ಹಾಡಿನ ಸಾಹಿತ್ಯಭಾಗಕ್ಕೆ 'ಮಾತು' ಎಂದು ಹೆಸರು. ಆ ಸಾಹಿತ್ಯವನ್ನು ಹೊತ್ತು ನಡೆಯುವ ಸ್ವರರಚನೆಗೆ 'ಧಾತು' ಎಂದು ಹೆಸರು. ಎರಡನ್ನೂ ತಾನೇ ಕಟ್ಟಬಲ್ಲವನನ್ನು ವಾಗ್ಗೇಯಕಾರನೆಂದು ಹಿರಿಯರು ಗೌರವಿಸಿದರು. ಶಾಸ್ತ್ರ ಎರಡಕ್ಕೂ ಸಮಾನವಾದ ಸ್ಥಾನವನ್ನು ಕೊಟ್ಟಿತು. ಲೋಕರೂಢಿ ಮಾತ್ರ ಕೊಡಲಿಲ್ಲ. ಮಾತನ್ನು ಓಲೆಗರಿಯ ಮೇಲೆ ಬರೆದಿಟ್ಟರು, ಶಿಲೆಯ ಮೇಲೆ ಕೆತ್ತಿಸಿದರು, ಮುಂದೆ ಅಚ್ಚು ಹಾಕಿಸಿದರು. ಧಾತುವನ್ನು ಬಾಯಿಂದ ಬಾಯಿಗೆ ದಾಟಿಸಿದರು. ದಾಟಿಸುವ ಬಾಯಿ ಇದ್ದಷ್ಟು ಕಾಲ ಅದು ಉಳಿಯಿತು. ಬಾಯಿ ಮುಚ್ಚಿದಲ್ಲಿ ಅದೂ ಮುಗಿಯಿತು.

ಹತ್ತನೆಯ ಶತಮಾನದ ಪಂಪನ ಕಾವ್ಯವನ್ನು ಇಂದಿಗೂ ನಾವು ಅಕ್ಷರ ಬಿಡದೆ ಓದಬಲ್ಲೆವು. ಆದರೆ ಅಂದು ಅರಿಕೇಸರಿಯ ಆಸ್ಥಾನದಲ್ಲಿ ಅದನ್ನು ಯಾವ ಧಾಟಿಯಲ್ಲಿ ವಾಚಿಸಿದರೋ ಹೇಳಲಾರೆವು. ಬೇಲೂರಿನ ಗುಡಿಯ ಕಂಬಗಳ ಮೇಲಿನ ಮದನಿಕೆಯರ ಬಳಿ ಮದ್ದಳೆ, ತಾಳ, ಕೊಳಲುಗಳನ್ನು ಹಿಡಿದ ಪುಟ್ಟ ವಾದಕರಿದ್ದಾರೆ. ಮದ್ದಳೆಯ ಹುರಿ, ಬಾರಿಸುವ ಬೆರಳು, ಬಾಗಿದ ಕೊರಳು ಎಲ್ಲವನ್ನೂ ಶಿಲ್ಪಿ ಕಲ್ಲಿನಲ್ಲಿ ಉಳಿಸಿದ. ಆ ಬೆರಳಿನಿಂದ ಹೊಮ್ಮಿದ ನಡೆಯನ್ನು ಉಳಿಸುವುದು ಅವನ ಉಳಿಗೆ ಸಾಧ್ಯವಿರಲಿಲ್ಲ. ವಿಷ್ಣುವರ್ಧನನ ರಾಣಿ ಶಾಂತಲೆಯನ್ನು ಗೀತ, ವಾದ್ಯ, ನೃತ್ಯ ಮೂರರಲ್ಲಿಯೂ ನಿಪುಣೆಯೆಂದು ಶಾಸನಗಳು ಕೊಂಡಾಡುತ್ತವೆ. ಹೊಗಳಿಕೆ ಉಳಿದಿದೆ, ಹೊಗಳಿಸಿಕೊಂಡ ಹಾಡು ಉಳಿದಿಲ್ಲ.

ಇದು ಅಷ್ಟು ಹಳೆಯ ಕಾಲದ ಮಾತಾಯಿತು ಎನ್ನುವಿರಾದರೆ, ನಮಗೆ ಹತ್ತಿರದ ಪುರಂದರದಾಸರನ್ನೇ ನೋಡೋಣ. ಹದಿನಾರನೆಯ ಶತಮಾನದ ಈ ಮಹನೀಯರನ್ನು ಕರ್ನಾಟಕ ಸಂಗೀತದ ಪಿತಾಮಹರೆಂದು ನಾಡೆಲ್ಲ ಒಪ್ಪಿದೆ. ಸಂಗೀತವನ್ನು ಕಲಿಯತೊಡಗಿದ ಮಗು ಇಂದಿಗೂ ಮೊದಲು ಹಾಡುವ ಸರಳೆ, ಜಂಟಿವರಸೆ, ಅಲಂಕಾರಗಳ ಪಾಠಕ್ರಮವನ್ನು ಹಾಕಿಕೊಟ್ಟವರು ಅವರೆಂದು ಸಂಪ್ರದಾಯ ಹೇಳುತ್ತದೆ. ಅವರ ಪದಗಳ ಹಸ್ತಪ್ರತಿಗಳಲ್ಲಿ ಪದದ ಮೇಲೆ ರಾಗದ ಹೆಸರು, ತಾಳದ ಹೆಸರು ಬರೆದಿರುವುದುಂಟು. ಆದರೆ ಆ ರಾಗದಲ್ಲಿ ದಾಸರು ಪದವನ್ನು ಹೇಗೆ ಎತ್ತಿದರು, ಎಲ್ಲಿ ಏರಿಸಿದರು, ಎಲ್ಲಿ ನಿಲ್ಲಿಸಿದರು ಎಂಬುದನ್ನು ಯಾರೂ ಬರೆದಿಡಲಿಲ್ಲ. ಆದುದರಿಂದ ಇಂದು ಒಂದೇ ದೇವರನಾಮವನ್ನು ಒಬ್ಬ ಗಾಯಕರು ಒಂದು ರಾಗದಲ್ಲಿ, ಮತ್ತೊಬ್ಬರು ಇನ್ನೊಂದು ರಾಗದಲ್ಲಿ ಹಾಡುವುದನ್ನು ಕೇಳುತ್ತೇವೆ. ಅವು ಸೊಗಸಾಗಿಯೇ ಇವೆ. ಆದರೆ ಬಹುಪಾಲು ನಂತರದವರು ಕೂಡಿಸಿದ ಮಟ್ಟುಗಳು ಅವು. ವಾಗ್ಗೇಯಕಾರರ ಕೃತಿಯಲ್ಲಿ ಅರ್ಧವನ್ನು ಮಾತ್ರ ನಾವು ಉಳಿಸಿಕೊಂಡಿದ್ದೇವೆ.

ಇದಕ್ಕೆ ಎದುರಾಗಿ ಮತ್ತೊಂದು ನಿದರ್ಶನವಿದೆ. ಮುತ್ತುಸ್ವಾಮಿ ದೀಕ್ಷಿತರು ತೀರಿಕೊಂಡುದು 1835ರಲ್ಲಿ. ಅವರ ವಂಶದವರೇ ಆದ ಸುಬ್ಬರಾಮ ದೀಕ್ಷಿತರು ಎಟ್ಟಯಾಪುರದಲ್ಲಿದ್ದು, 1904ರಲ್ಲಿ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ಎಂಬ ಮಹಾಗ್ರಂಥವನ್ನು ತೆಲುಗು ಲಿಪಿಯಲ್ಲಿ ಪ್ರಕಟಿಸಿದರು. ಮುತ್ತುಸ್ವಾಮಿ ದೀಕ್ಷಿತರ ಇನ್ನೂರಕ್ಕೂ ಹೆಚ್ಚು ಕೃತಿಗಳು ಅದರಲ್ಲಿ ಸ್ವರಸಹಿತವಾಗಿ ಉಳಿದಿವೆ. ಈ ಕೆಲಸಕ್ಕೆ ಅವರನ್ನು ಒತ್ತಾಯಿಸಿದವರಲ್ಲಿ ಮುಖ್ಯರು ಚಿನ್ನಸ್ವಾಮಿ ಮೊದಲಿಯಾರರು. ಅವರು ತಾವೇ 1893ರಲ್ಲಿ ನಮ್ಮ ಕೀರ್ತನೆಗಳನ್ನು ಪಾಶ್ಚಾತ್ಯರ ಸ್ವರಲಿಪಿಯಲ್ಲಿ ಅಚ್ಚು ಹಾಕಿಸಿದ್ದವರು. ದಾಸರಿಗೆ ದೊರೆಯದ ಭಾಗ್ಯ ದೀಕ್ಷಿತರಿಗೆ ದೊರೆಯಿತು. ಧಾತುವನ್ನು ಬರೆದಿಡುವ ಒಬ್ಬರು ಅವರ ಮನೆತನದಲ್ಲಿಯೇ ಹುಟ್ಟಿದ್ದರು.

ಹಾಗಾದರೆ ನಮ್ಮಲ್ಲಿ ಸ್ವರವನ್ನು ಬರೆಯುವ ವಿದ್ಯೆಯೇ ಇರಲಿಲ್ಲವೆ? ಇತ್ತು. ಋಗ್ವೇದದ ಪ್ರತಿಗಳಲ್ಲಿ ಅಕ್ಷರದ ಕೆಳಗೆ ಅಡ್ಡಗೆರೆ ಎಳೆದರೆ ಅನುದಾತ್ತ, ಮೇಲೆ ನಿಲುಗೆರೆ ಎಳೆದರೆ ಸ್ವರಿತ. ತಮಿಳುನಾಡಿನ ಕುಡುಮಿಯಾಮಲೈ ಬಂಡೆಯ ಮೇಲೆ ಏಳನೆಯ ಶತಮಾನದಷ್ಟು ಹಿಂದೆಯೇ ಸ್ವರಾಕ್ಷರಗಳನ್ನು ಸಾಲು ಸಾಲಾಗಿ ಕೆತ್ತಿದ್ದಾರೆ. ಹದಿಮೂರನೆಯ ಶತಮಾನದಲ್ಲಿ, ಎಂದರೆ ಮೊಸಳೆಯ ಗುಡಿಗಳು ಇನ್ನೂ ಹೊಸದಾಗಿದ್ದ ಕಾಲದಲ್ಲಿ, ದೇವಗಿರಿಯ ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ರಾಗಗಳ ಮಾದರಿಗಳನ್ನು ಸರಿಗಮಗಳಲ್ಲಿಯೇ ಬರೆದು ತೋರಿಸಿದ. ವಿದ್ಯೆ ಇದ್ದಿತು; ಅದು ಪಂಡಿತರ ಗ್ರಂಥದಲ್ಲಿಯೇ ನಿಂತಿತು, ಹಾಡುವವರ ಕೈಗೆ ಬರಲಿಲ್ಲ.

ಬಾರದಿರಲು ಒಂದು ಬಲವಾದ ಕಾರಣವಿತ್ತು. ನಮ್ಮದು ಶ್ರುತಿಪರಂಪರೆ. ವೇದವನ್ನು ಬರೆದುದನ್ನು ನೋಡಿ ಓದುವವನನ್ನು ಪಾಣಿನೀಯ ಶಿಕ್ಷೆ ಅಧಮ ಪಾಠಕರ ಸಾಲಿಗೆ ಸೇರಿಸುತ್ತದೆ. ಸಂಗೀತಗಾರರೂ ಇದೇ ಮನೋಭಾವವನ್ನು ತಳೆದರು. ಪುಸ್ತಕವನ್ನು ಮುಂದಿಟ್ಟುಕೊಂಡು ಹಾಡುವವನಿಗೆ ವಿದ್ಯೆ ಒಲಿದಿಲ್ಲವೆಂದೇ ಸಭೆ ಇಂದಿಗೂ ತಿಳಿಯುತ್ತದೆ. ಈ ಮನೋಭಾವವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ; ಅದರಲ್ಲಿ ಎಷ್ಟು ಸತ್ಯವಿದೆಯೆಂಬುದನ್ನು ಮುಂದೆ ನೋಡೋಣ. ಅದಕ್ಕೆ ಮೊದಲು ಈ ಲಿಪಿಯನ್ನು ಓದುವುದು ಹೇಗೆಂಬುದನ್ನು ತಿಳಿಯಬೇಕು. ಕನ್ನಡ ಓದಬಲ್ಲವರಿಗೆ ಇದು ಕಷ್ಟದ ವಿದ್ಯೆಯಲ್ಲ.

ಷಡ್ಜ, ಋಷಭ, ಗಾಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದ ಎಂಬ ಏಳು ಸ್ವರಗಳಿಗೆ ಸ, ರಿ, ಗ, ಮ, ಪ, ದ, ನಿ ಎಂಬವು ಸಂಕೇತಾಕ್ಷರಗಳು. ಅಕ್ಷರದ ಮೇಲೆ ಚುಕ್ಕೆಯಿದ್ದರೆ ಅದು ತಾರಸ್ಥಾಯಿಯದು, ಕೆಳಗೆ ಚುಕ್ಕೆಯಿದ್ದರೆ ಮಂದ್ರಸ್ಥಾಯಿಯದು; ಚುಕ್ಕೆಯೇ ಇಲ್ಲದಿದ್ದರೆ ಮಧ್ಯಸ್ಥಾಯಿಯದು. ಇವುಗಳಲ್ಲಿ ಷಡ್ಜ ಪಂಚಮಗಳು ಕದಲುವುದಿಲ್ಲ. ಉಳಿದ ಐದಕ್ಕೆ ಭೇದಗಳುಂಟು. ಹೀಗೆ ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳಾಗುತ್ತವೆ. 'ಗ' ಎಂದು ಬರೆದಿದ್ದರೆ ಅದು ಯಾವ ಗಾಂಧಾರವೆಂಬುದು ಆ ಅಕ್ಷರದಿಂದ ತಿಳಿಯುವುದಿಲ್ಲ. ಹಾಡಿನ ತಲೆಬರಹದಲ್ಲಿರುವ ರಾಗದ ಹೆಸರನ್ನೂ ಮೇಳದ ಸಂಖ್ಯೆಯನ್ನೂ ನೋಡಿಯೇ ತಿಳಿಯಬೇಕು. ಹದಿನೈದನೆಯ ಮೇಳವಾದ ಮಾಯಾಮಾಳವಗೌಳ ಎಂದಿದ್ದರೆ ಅದು ಅಂತರ ಗಾಂಧಾರ. ಇಪ್ಪತ್ತೆರಡನೆಯ ಖರಹರಪ್ರಿಯ ಎಂದಿದ್ದರೆ ಸಾಧಾರಣ ಗಾಂಧಾರ. ತಲೆಬರಹವನ್ನು ಓದದೆ ಸ್ವರಗಳಿಗೆ ಕೈಹಾಕುವವನು ಊರಿನ ಹೆಸರು ಕೇಳದೆ ಬಸ್ಸು ಹತ್ತಿದವನಂತೆ.

ಸ್ವರ ಯಾವುದೆಂದು ತಿಳಿದ ಮೇಲೆ ಅದು ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ತಿಳಿಯಬೇಕು. ಇಲ್ಲಿ ಕನ್ನಡದ ಕಾಗುಣಿತವೇ ನಮ್ಮ ನೆರವಿಗೆ ಬರುತ್ತದೆ. 'ಸ' ಎಂಬ ಹ್ರಸ್ವಕ್ಕೆ ಒಂದು ಅಕ್ಷರಕಾಲ, 'ಸಾ' ಎಂಬ ದೀರ್ಘಕ್ಕೆ ಎರಡು. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ನೀವು ಪ್ರಸ್ತಾರ ಹಾಕಿ ಕಲಿತಿರುವ ಲೆಕ್ಕವೇ ಇದು. ಇನ್ನೂ ಹೆಚ್ಚು ನಿಲ್ಲಬೇಕಾದರೆ ಸ್ವರದ ಮುಂದೆ ಅಲ್ಪವಿರಾಮವನ್ನೋ ಅರ್ಧವಿರಾಮವನ್ನೋ ಹಾಕುತ್ತಾರೆ. ಮೊದಲನೆಯದು ಒಂದು ಅಕ್ಷರಕಾಲವನ್ನೂ ಎರಡನೆಯದು ಎರಡು ಅಕ್ಷರಕಾಲವನ್ನೂ ಕೂಡಿಸುತ್ತದೆ. ಓದಿನಲ್ಲಿ ಈ ಚಿಹ್ನೆಗಳು ಉಸಿರು ನಿಲ್ಲಿಸಲು ಇದ್ದರೆ, ಹಾಡಿನಲ್ಲಿ ನಾದವನ್ನು ನೀಡಲು ಇವೆ ಎಂಬ ವ್ಯತ್ಯಾಸವನ್ನು ಮರೆಯಬಾರದು. ಸ್ವರಗಳ ಮೇಲೆ ಒಂದು ಗೆರೆ ಎಳೆದರೆ ಅವುಗಳ ಕಾಲ ಅರ್ಧವಾಗುತ್ತದೆ. ಎರಡು ಗೆರೆ ಎಳೆದರೆ ಕಾಲುಭಾಗವಾಗುತ್ತದೆ. ಕೆಲವು ಪುಸ್ತಕಗಳಲ್ಲಿ ಈ ಗೆರೆಗಳನ್ನು ಕೆಳಗೆ ಎಳೆಯುವುದೂ ಉಂಟು.

ಇನ್ನು ಉಳಿದುದು ತಾಳ. ಆದಿತಾಳಕ್ಕೆ ಒಂದು ಲಘು, ಎರಡು ದ್ರುತ. ಈ ಲಘು ಛಂದಸ್ಸಿನ ಲಘುವಲ್ಲ. ಒಂದು ಘಾತ ಹಾಕಿ ಕಿರುಬೆರಳು, ಉಂಗುರದ ಬೆರಳು, ನಡುಬೆರಳುಗಳನ್ನು ಎಣಿಸಿದರೆ ಆಗುವ ನಾಲ್ಕು ಎಣಿಕೆಗಳ ಅಂಗ. ದ್ರುತವೆಂದರೆ ಒಂದು ಘಾತ, ಒಂದು ಬೀಸು, ಎರಡು ಎಣಿಕೆ. ಒಟ್ಟು ಎಂಟು. ಒಂದೊಂದು ಅಂಗ ಮುಗಿದೆಡೆಯಲ್ಲಿ ಒಂದು ನಿಲುಗೆರೆ, ಆವರ್ತ ಮುಗಿದೆಡೆಯಲ್ಲಿ ಜೋಡಿಗೆರೆ. ಸಂಗೀತದ ಮೊದಲ ಪಾಠವನ್ನು ಹೀಗೆ ಬರೆಯುತ್ತಾರೆ:

ಸ ರಿ ಗ ಮ | ಪ ದ | ನಿ ಸ ||

ಕೊನೆಯ 'ಸ'ದ ಮೇಲೆ ಚುಕ್ಕೆಯಿರುತ್ತದೆ. ಎಂಟು ಎಣಿಕೆಗೆ ಎಂಟು ಸ್ವರ. ಇದನ್ನೇ ಸ್ವಲ್ಪ ಬದಲಾಯಿಸಿ ಬರೆದು ನೋಡೋಣ:

ಸಾ ರಿ ಗ | ಮಾ | ಪ , ||

ಈಗ ಕೈಯಿಂದ ತಾಳ ಹಾಕುತ್ತ ಓದಿರಿ. 'ಸಾ' ಘಾತದಲ್ಲಿ ಹುಟ್ಟಿ ಕಿರುಬೆರಳಿನವರೆಗೂ ನಿಲ್ಲುತ್ತದೆ. 'ರಿ' ಉಂಗುರದ ಬೆರಳಿಗೆ, 'ಗ' ನಡುಬೆರಳಿಗೆ ಬೀಳುತ್ತವೆ. 'ಮಾ' ಒಂದು ದ್ರುತವನ್ನು ಪೂರ್ತಿಯಾಗಿ ತುಂಬುತ್ತದೆ. 'ಪ' ಕೊನೆಯ ಘಾತದಲ್ಲಿ ಹುಟ್ಟಿ, ಅಲ್ಪವಿರಾಮದ ಬಲದಿಂದ ಬೀಸಿನ ಮೇಲೂ ಮುಂದುವರಿಯುತ್ತದೆ. ಇಷ್ಟನ್ನು ತಡವರಿಸದೆ ಮಾಡಬಲ್ಲವನಿಗೆ ಸ್ವರಲಿಪಿಯ ಬಾಗಿಲು ತೆರೆಯಿತೆಂದೇ ಹೇಳಬೇಕು.

ಬೇರೆ ಪದ್ಧತಿಗಳೂ ಉಂಟು. ನಮ್ಮ ಉತ್ತರ ಕರ್ನಾಟಕದಲ್ಲಿ ನೆಲೆಸಿರುವ ಹಿಂದೂಸ್ಥಾನೀ ಸಂಗೀತಕ್ಕೆ ಭಾತಖಂಡೆಯವರು (1860–1936) ಒಂದು ಲಿಪಿಯನ್ನು ರೂಪಿಸಿದರು. ಅಲ್ಲಿ ಕೋಮಲ ಸ್ವರದ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮದ ಮೇಲೆ ನಿಲುಗೆರೆ ಇರುತ್ತದೆ. ಸ್ವರಭೇದವನ್ನು ಅಕ್ಷರವೇ ಸಾರುತ್ತದೆ. ಯೂರೋಪಿನವರದು ಐದು ಗೆರೆಗಳ ಪದ್ಧತಿ. ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಗ್ವೀಡೊ ಎಂಬ ಸಂನ್ಯಾಸಿ ಗೆರೆಗಳ ಮೇಲೆ ಸ್ವರವನ್ನು ಗುರುತಿಸಿ, ಹುಡುಗರು ಎಂದೂ ಕೇಳದ ಹಾಡನ್ನು ನೋಡಿಯೇ ಹಾಡುವಂತೆ ಕಲಿಸಿದ. ಆ ಪದ್ಧತಿಯಲ್ಲಿ ಸ್ವರದ ಎತ್ತರ ಗೊತ್ತಾಗಿರುತ್ತದೆ. ನಮ್ಮಲ್ಲಿ 'ಸ' ಎಂಬುದು ಹಾಡುವವರು ಹಿಡಿದ ಆಧಾರಶ್ರುತಿ. ಗಂಡಸಿನ 'ಸ' ಬೇರೆ, ಹೆಂಗಸಿನ 'ಸ' ಬೇರೆ. ಮೈಸೂರಿನ ಅರಮನೆಯಲ್ಲಿ ಈ ಎರಡು ಪದ್ಧತಿಗಳೂ ಒಟ್ಟಿಗೆ ಬಾಳಿದವು. ಜಯಚಾಮರಾಜ ಒಡೆಯರು (1919–1974) ಪಿಯಾನೊ ಕಲಿತು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಪಳಗಿದವರು. ಅವರೇ ಮುಂದೆ ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ಒಂದು ಲಿಪಿಯನ್ನು ಬಲ್ಲವನಿಗೆ ಇನ್ನೊಂದು ಸಂಗೀತ ಪರಕೀಯವಾಗುವುದಿಲ್ಲ ಎಂಬುದಕ್ಕೆ ಅವರ ಬಾಳೇ ಸಾಕ್ಷಿ.

ಈಗ ಗುರುಗಳ ಆಕ್ಷೇಪಣೆಗೆ ಬರೋಣ. ಸ್ವರಲಿಪಿಯಿಂದ ಸಂಗೀತವೆಲ್ಲ ಬಂದುಬಿಡುವುದಿಲ್ಲ ಎನ್ನುತ್ತಾರೆ ಅವರು. ಆ ಮಾತು ದಿಟ. ನಮ್ಮ ಸ್ವರ ಒಂದೆಡೆ ನಿಲ್ಲುವ ಗೂಟವಲ್ಲ. ತೋಡಿರಾಗದ ಗಾಂಧಾರವನ್ನು 'ಗ' ಎಂಬ ಒಂದೇ ಅಕ್ಷರದಿಂದ ಬರೆಯುತ್ತೇವೆ. ಹಾಡುವಾಗ ಅದು ತೂಗಾಡುತ್ತದೆ, ಕೆಳಗಣ ಋಷಭವನ್ನೂ ಮೇಲಣ ಮಧ್ಯಮವನ್ನೂ ಸೋಕಿಕೊಂಡು ಬರುತ್ತದೆ. ಈ ತೂಗಾಟಕ್ಕೆ ಗಮಕವೆಂದು ಹೆಸರು. ಸುಬ್ಬರಾಮ ದೀಕ್ಷಿತರು ಕಂಪಿತ, ಜಾರು ಮೊದಲಾದ ಗಮಕಗಳಿಗೆ ಬೇರೆ ಬೇರೆ ಚಿಹ್ನೆಗಳನ್ನೇ ಮಾಡಿಟ್ಟರು. ಆದರೂ ಕಿವಿಯಲ್ಲಿ ತೋಡಿ ಇಲ್ಲದವನಿಗೆ ಆ ಚಿಹ್ನೆಗಳಿಂದ ತೋಡಿ ದೊರೆಯದು. ಅಡುಗೆಯ ಪುಸ್ತಕದಲ್ಲಿ ಉಪ್ಪಿನ ಅಳತೆಯಿರುತ್ತದೆ. ಹದವನ್ನು ನಾಲಗೆಯೇ ಹೇಳಬೇಕು.

ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ರುದ್ರಪಟ್ಟಣವನ್ನು ನೆನೆದರೆ ಈ ಮಾತು ಇನ್ನೂ ಮನದಟ್ಟಾಗುತ್ತದೆ. ಆ ಪುಟ್ಟ ಊರು ನಾಡಿಗೆ ಕೊಟ್ಟ ವಿದ್ವಾಂಸರು ಒಬ್ಬಿಬ್ಬರಲ್ಲ. ಆರ್. ಕೆ. ಶ್ರೀಕಂಠನ್ (1920–2014) ಅಲ್ಲಿ ಹುಟ್ಟಿದವರು; 'ರುದ್ರಪಟ್ಟಣಂ ಸಹೋದರರು' ಎಂದೇ ಖ್ಯಾತರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಆ ಊರಿನ ಮನೆತನದವರು. ಆರ್. ಕೆ. ಪದ್ಮನಾಭ ಅವರ ಪ್ರಯತ್ನದಿಂದ ಅಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ಮಂದಿರವೊಂದು ಎದ್ದು ನಿಂತಿದೆ. ಒಂದೇ ಊರಿನಲ್ಲಿ ಇಷ್ಟು ಸಂಗೀತ ಬೆಳೆದುದು ಪುಸ್ತಕದಿಂದಲ್ಲ. ತಂದೆ ಹಾಡುವುದನ್ನು ಮಗ, ಅಣ್ಣ ಹಾಡುವುದನ್ನು ತಮ್ಮ, ನೆರೆಮನೆಯ ಸಾಧನೆಯನ್ನು ಇಡೀ ಕೇರಿ ಕೇಳುತ್ತ ಬೆಳೆದುದರಿಂದ. ಇದನ್ನು ಒಪ್ಪಿಕೊಂಡೇ ನಾನು ಕೇಳುವ ಪ್ರಶ್ನೆ ಒಂದಿದೆ: ರುದ್ರಪಟ್ಟಣದಲ್ಲಿ ಹುಟ್ಟುವ ಪುಣ್ಯ ಎಷ್ಟು ಮಕ್ಕಳಿಗೆ ಉಂಟು? ಮನೆಯಲ್ಲಿ ಹಾಡುವವರಿಲ್ಲದ, ಊರಿನಲ್ಲಿ ಗುರುಗಳಿಲ್ಲದ ಮಗುವಿಗೆ ಸಂಗೀತದ ಹೊಸ್ತಿಲನ್ನಾದರೂ ತೋರಿಸಬಲ್ಲುದು ಈ ಲಿಪಿ. ಗುರುಮುಖದ ವಿದ್ಯೆಗೆ ಅದು ಎದುರಾಳಿಯಲ್ಲ. ಅಕ್ಷರ ಬಲ್ಲ ಶಿಷ್ಯ ಗುರುವಿನ ಪಾಠವನ್ನು ಮನೆಗೂ ಒಯ್ಯಬಲ್ಲ.

ಇನ್ನೊಂದು ಆಕ್ಷೇಪಣೆ ಈ ಕಾಲದ್ದು. ಇಂದು ಎಲ್ಲರ ಕೈಯಲ್ಲಿಯೂ ಮೊಬೈಲಿದೆ. ಹಾಡನ್ನು ಹಾಡಿದಂತೆಯೇ, ಗಮಕಸಹಿತವಾಗಿ ಅದರಲ್ಲಿ ಹಿಡಿದಿಡಬಹುದು. ಬರೆಯುವ ಕಷ್ಟ ಏಕೆ ಎಂದು ಕೇಳುವವರಿದ್ದಾರೆ. ಧ್ವನಿಮುದ್ರಣ ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಭಾಷಣವನ್ನು ಮುದ್ರಿಸಿಕೊಂಡವನು ಅಕ್ಷರಸ್ಥನಾಗುವುದಿಲ್ಲ. ಮುದ್ರಣ ನಮಗೆ ಹಾಡನ್ನು ಕೇಳಿಸುತ್ತದೆ. ಲಿಪಿ ಅದರ ಕಟ್ಟಡವನ್ನು ತೋರಿಸುತ್ತದೆ. ಕೇಳಿದ ಹಾಡನ್ನು ಬರೆಯಲು ಕುಳಿತಾಗ ಮಾತ್ರ, ಪಲ್ಲವಿ ಘಾತದ ಮೇಲಲ್ಲದೆ ಅರ್ಧ ಎಣಿಕೆ ಕಳೆದು ಹುಟ್ಟಿತೆಂಬುದು, ಎರಡು ಸಾಲುಗಳಿಗೆ ಮಟ್ಟು ಒಂದೇ ಎಂದು ತಿಳಿದಿದ್ದುದು ತಪ್ಪೆಂಬುದು ಗಮನಕ್ಕೆ ಬರುತ್ತದೆ. ಬರೆಯುವ ಕೈ ಕಿವಿಯನ್ನು ಎಚ್ಚರಿಸುತ್ತದೆ. ಮೇಲಾಗಿ ಮೊಬೈಲು ಕೆಟ್ಟರೆ ಅದರೊಳಗಿನ ಹಾಡೂ ಹೋಗುವುದುಂಟು. ಎರಡು ಪ್ರತಿ ಬರೆದು ಒಂದನ್ನು ಶಾಲೆಯ ಪುಸ್ತಕಭಂಡಾರದಲ್ಲಿ ಇಟ್ಟರೆ ಮೂರು ತಲೆಮಾರು ಓದಬಹುದು. ಎರಡೂ ಇರಲಿ, ಗಮಕಕ್ಕೆ ಮುದ್ರಣ, ರಚನೆಗೆ ಲಿಪಿ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಸಂಗೀತದ ಪರೀಕ್ಷೆಗೆಂದು ಕೃತಿಯ ಸ್ವರಲಿಪಿಯನ್ನು ಅಕ್ಷರ ಬಿಡದೆ ಉರುಹೊಡೆದು ಬರೆದು ಹೆಚ್ಚು ಅಂಕ ಪಡೆಯುವ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ಅವರ ಮುಂದೆ ಪರಿಚಯವಿಲ್ಲದ ಎರಡು ಸಾಲನ್ನು ಇಟ್ಟು ಹಾಡೆಂದರೆ ಅವರಿಂದ ಆಗುವುದಿಲ್ಲ. ಇದು ಓದಲ್ಲ, ಅರ್ಥ ತಿಳಿಯದ ಮಂತ್ರವನ್ನು ನಕಲು ಮಾಡಿದಂತೆ. ಕಾಣದ ಸಾಲನ್ನು ಕಂಡು ಹಾಡುವುದು, ಕೇಳಿದ ಸಾಲನ್ನು ಕೇಳಿ ಬರೆಯುವುದು, ಇವೆರಡೇ ಸ್ವರಲಿಪಿಯ ನಿಜವಾದ ಪರೀಕ್ಷೆಗಳು. ಕಲಿಸುವವರೂ ಕಲಿಯುವವರೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳಿತು.

ಈ ವಿದ್ಯೆಯಿಂದ ನಿಮಗೆ ಆಗಬೇಕಾದ ಕೆಲಸ ಬಹಳ ದೂರದಲ್ಲೇನೂ ಇಲ್ಲ. ಹಾಸನ ಸೀಮೆಯ ಹಳ್ಳಿಗಳಲ್ಲಿ ಮದುವೆಗೆ ಸೋಬಾನೆ, ಹಬ್ಬಕ್ಕೆ ಕೋಲಾಟದ ಪದ, ನಸುಕಿನಲ್ಲಿ ರಾಗಿ ಬೀಸುವ ಪದ ಇದ್ದವು. ಹಿಟ್ಟಿನ ಗಿರಣಿ ಬಂದ ಮೇಲೆ ರಾಗಿಕಲ್ಲು ಮೂಲೆ ಸೇರಿತು. ಕಲ್ಲು ತಿರುಗುವ ಲಯಕ್ಕೆ ಕಟ್ಟಿದ ಪದವೂ ಮೂಲೆ ಸೇರಿತು. ಆ ಪದಗಳ ಸಾಹಿತ್ಯವನ್ನು ಸಂಗ್ರಹಿಸಿದ ಪುಣ್ಯವಂತರು ನಮ್ಮಲ್ಲಿ ಅನೇಕರಿದ್ದಾರೆ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದ ಕಾಲದಿಂದ ಈವರೆಗೆ ಜನಪದ ಗೀತೆಗಳ ಎಷ್ಟೋ ಸಂಪುಟಗಳು ಬಂದಿವೆ. ಆದರೆ ಅವುಗಳಲ್ಲಿ ಬಹುಪಾಲು ಪುಸ್ತಕಗಳನ್ನು ತೆರೆದರೆ ದೊರೆಯುವುದು ಮಾತು ಒಂದೇ. ಪುರಂದರದಾಸರ ಧಾತುವಿಗೆ ಆದ ಗತಿಯೇ ನಮ್ಮ ಅಜ್ಜಿಯರ ಧಾತುವಿಗೂ ಆಗುತ್ತಿದೆ. ದಾಸರ ಕಾಲದಲ್ಲಿ ನಾವು ಇರಲಿಲ್ಲ; ಅಜ್ಜಿಯರು ಇನ್ನೂ ಕೆಲವರು ಇದ್ದಾರೆ.

ಈ ಪದಗಳು ಶಾಸ್ತ್ರದ ರಾಗಗಳಿಗೆ ಸರಿಯಾಗಿ ಹೊಂದದಿರಬಹುದು. ಅದಕ್ಕಾಗಿ ಹಿಂಜರಿಯಬೇಕಾದುದಿಲ್ಲ. ಅನೇಕ ಪದಗಳು ನಾಲ್ಕೈದು ಸ್ವರಗಳೊಳಗೆಯೇ ಓಡಾಡುತ್ತವೆ. ಹೊಸದಾಗಿ ಬರೆಯಲು ಕಲಿತವನಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಹಾಡುವವರು ಎಲ್ಲಿ ಬಂದು ನೆಮ್ಮದಿಯಾಗಿ ನಿಲ್ಲುತ್ತಾರೋ ಬಹುಮಟ್ಟಿಗೆ ಅದೇ 'ಸ'. ಅಲ್ಲಿಂದ ಮೇಲೆ ಎಷ್ಟು ಮೆಟ್ಟಿಲು, ಕೆಳಗೆ ಎಷ್ಟು ಮೆಟ್ಟಿಲು ಎಂದು ಗುರುತಿಸಿರಿ. ಕೈತಟ್ಟಿ ಎಣಿಕೆಯನ್ನು ಹಿಡಿಯಿರಿ. ತಲೆಬರಹದಲ್ಲಿ ಹಾಡಿದವರ ಹೆಸರು, ಊರು, ಯಾವ ಸಂದರ್ಭದ ಹಾಡು ಎಂಬುದನ್ನು ಬರೆಯಿರಿ. ಸಾಲಿನ ಮೇಲೆ ಸ್ವರ, ಕೆಳಗೆ ಸಾಹಿತ್ಯ. ಬರೆದುದನ್ನು ಅವರ ಮುಂದೆಯೇ ಹಾಡಿ ತೋರಿಸಿರಿ. ತಪ್ಪಿದ್ದರೆ ಅಜ್ಜಿ ನಕ್ಕು ತಿದ್ದುತ್ತಾಳೆ, ಸರಿಯಿದ್ದರೆ ದನಿಗೂಡಿಸುತ್ತಾಳೆ. ಆ ದನಿಗಿಂತ ದೊಡ್ಡ ಪ್ರಮಾಣಪತ್ರವನ್ನು ಯಾವ ಪರೀಕ್ಷೆಯೂ ಕೊಡಲಾರದು.